ಗಾಳಿಬೋರೆಯ ಗಾಳಗಾರರು

ಬೆಂಗಳೂರಿನಿಂದ ಕನಕಪುರದ ಹಾದಿ ಹಿಡಿದು, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದವರೆಗೆ ಹೋಗಿಬರದ ನಗರವಾಸಿಗಳು ವಿರಳ. ಭಾನುವಾರ ಬಂದಿತೆಂದರೆ ಬುತ್ತಿ ಕಟ್ಟಿಕೊಂಡು ಮಕ್ಕಳುಮರಿಗಳೊಡನೆ ಹೊರಟು, ಮೇಕೆದಾಟಿನ ಕಲ್ಲಿನ ಇರುಕಿನಲ್ಲಿ ನದಿಯು ನುಗ್ಗುವ ರಭಸವನ್ನು ಕಂಡು ಬೆರಗಾಗಿ, ಸಂಜೆಗೆ ಮನೆ ಸೇರುವವರೇ ಹೆಚ್ಚು. ಅವರಲ್ಲಿ ಬಹುಮಂದಿ ಹೊಳೆಯು ಇಳಿದುಹೋಗುವ ದಿಕ್ಕನ್ನೇ ನೋಡಿ ಮರಳುತ್ತಾರೆ. ಅದು ಇಳಿದುಬಂದ ದಿಕ್ಕನ್ನು ಅರಸಿ ಹೋಗುವವರು ಕೆಲವರು ಮಾತ್ರ. ಸಂಗಮದಿಂದ ನೀರಿಗೆ ಎದುರಾಗಿ ಕಾಡಿನೊಳಗೆ ಕೆಲವು ಮೈಲಿ ನಡೆದರೆ ಸಿಗುವ ತಾವೇ ಗಾಳಿಬೋರೆ.

ಕೃಷ್ಣರಾಜಸಾಗರದ ಕಟ್ಟೆಯಲ್ಲಿ ನಿಂತು, ಮಂಡ್ಯದ ನಾಲೆಗಳಲ್ಲಿ ಹರಿದು, ಒಕ್ಕಲುತನಕ್ಕೆ ಒಗ್ಗಿಹೋದ ಕಾವೇರಿ ಶಿವನಸಮುದ್ರದಲ್ಲಿ ಧುಮ್ಮಿಕ್ಕಿದ ಮೇಲೆ ಪುನಃ ಕಾಡಿನ ಹೆಣ್ಣಾಗುತ್ತಾಳೆ. ಎರಡು ಕಡೆಯೂ ಕುರುಚಲು ಬೆಳೆದ ಒಣ ಬೆಟ್ಟಗಳು. ಅವುಗಳ ನಡುವೆ ದಡದುದ್ದಕ್ಕೂ ಹೊಳೆಮತ್ತಿಯ ಬಿಳಿಯ ಕಾಂಡಗಳು. ಮರದ ಮೇಲೆ ಬೂದುಬಣ್ಣದ ದೊಡ್ಡಳಿಲು, ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯುವ ಮೊಸಳೆ, ನೀರಿನಲ್ಲಿ ಸಂಸಾರಸಮೇತ ಈಜುವ ನೀರುನಾಯಿ. ಆನೆಗಳು ನೀರಿಗಿಳಿಯುವ ಹೊತ್ತಿನಲ್ಲಿ ಮನುಷ್ಯನು ದಡದಲ್ಲಿ ಇರದಿರುವುದು ಲೇಸು. ಹೊಳೆಯು ಇಲ್ಲಿ ಒಂದೇ ಸಮನೆ ಹರಿಯುವುದಿಲ್ಲ. ಬಂಡೆಗಳ ನಡುವೆ ಬಿಳಿನೊರೆಯಾಗಿ ಚೀರುತ್ತ ಬಂದು, ಮುಂದೆ ಮಡುವೊಂದರಲ್ಲಿ ಏನೂ ಅರಿಯದ ಸಾಧುವಿನಂತೆ ಕಪ್ಪಾಗಿ ನಿಂತುಬಿಡುತ್ತದೆ. ಈ ಮಡುಗಳ ಆಳದಲ್ಲಿ ವಾಸಿಸುತ್ತಿದ್ದ ಒಂದು ಮೀನಿನ ಸಲುವಾಗಿ, ಏಳು ಸಮುದ್ರದಾಚೆಯಿಂದ ಜನ ರಜೆ ಹಾಕಿ, ಸಾಲ ಮಾಡಿ, ಹೆಂಡಿರ ಕೋಪವನ್ನೂ ತಲೆಯ ಮೇಲೆ ಹೊತ್ತು ಇಲ್ಲಿಗೆ ಬರುತ್ತಿದ್ದರು.

ಆ ಮೀನೇ ಮಹಶೀರ್. ಕಾವೇರಿಯ ತೀರದವರಿಗೆ ಅದು ಬಿಳಿಮೀನು. ರಾಮನಾಥಪುರದಲ್ಲಿ, ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಬಳಿ ಪುರಿ ಚೆಲ್ಲಿದರೆ ಮುತ್ತಿಕೊಂಡು ಬರುವ ದೇವರ ಮೀನುಗಳಲ್ಲಿಯೂ ಇದರ ಬಳಗದವು ಉಂಟು. ಕೆನ್ನೆಯ ಮೇಲೆ ಕೈಯಿಟ್ಟು ನೋಡುವಂತಹ ಹುರುಪೆ, ದಪ್ಪ ತುಟಿ, ಚಿನ್ನದ ಮೈ. ಗಾಳಿಬೋರೆಯ ಕಡೆಯ ಮೀನಿಗಾದರೋ ತಲೆಯ ಹಿಂದಿನಿಂದಲೇ ಏಳುವ ಡುಬ್ಬ ಬೇರೆ. ಬಾಯಲ್ಲಿ ಹಲ್ಲಿಲ್ಲವೆಂದು ಮೋಸಹೋಗಬಾರದು. ಹಲ್ಲುಗಳಿರುವುದು ಗಂಟಲಲ್ಲಿ, ನದಿಯ ಏಡಿ, ಚಿಪ್ಪುಹುಳುಗಳನ್ನು ಅಲ್ಲಿ ಅರೆಯುವ ಈ ಮೀನು ಉಕ್ಕಿನ ಗಾಳವನ್ನು ಚಪ್ಪಟೆ ಮಾಡಿ ಉಗುಳಿದ್ದುಂಟು.

ಇದರ ಕೀರ್ತಿಯನ್ನು ಮೊದಲು ಪುಸ್ತಕಕ್ಕೇರಿಸಿದ ಇಂಗ್ಲಿಷರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಪ್ರಮುಖನು. ಅವನ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಎಂದರೆ ಅರಸರು ಬೇಟೆಯಾಡಿದ ಹುಲಿ ಚಿರತೆಗಳ ತೊಗಲಿಗೆ ಜೀವಕಳೆ ತುಂಬುತ್ತಿದ್ದ ಮನೆಯವರು, ಕಬಿನಿಯಲ್ಲಿ ೧೨೦ ಪೌಂಡಿನ ಮಹಶೀರನ್ನು ಗಾಳದಿಂದ ಎತ್ತಿದರು. ಗಾಳಗಾರರ ಲೋಕದಲ್ಲಿ ಆ ತೂಕವನ್ನು ಇಂದಿಗೂ ಮಂತ್ರದಂತೆ ಹೇಳುತ್ತಾರೆ.

ಅಂದಿನ ಕಾಲದಲ್ಲಿ ಹಿಡಿದ ಮೀನು ಸತ್ತ ಮೀನೇ. ಬಿಳಿಯ ದೊರೆಗಳು ಹೋದ ಮೇಲೆ ಕೋಲು ಹಿಡಿಯುವವರು ಕಡಿಮೆಯಾದರು. ಬದಲಿಗೆ ಬಂದದ್ದು ಸಿಡಿಮದ್ದು. ಮಡುವಿಗೆ ಒಂದು ತೋಟೆಯನ್ನು ಎಸೆದರೆ ಸಾಕು, ಹತ್ತಾರು ವರ್ಷ ಬಾಳಿದ ಮೀನೂ ಬೆರಳುದ್ದದ ಮರಿಯೂ ಏಕಕಾಲದಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಾವೇರಿಯಲ್ಲಿ ದೊಡ್ಡ ಮಹಶೀರ್ ಮುಗಿದುಹೋಯಿತೆಂದು ಹೊರಗಿನವರು ನಂಬಿದ್ದ ಕಾಲವೂ ಒಂದಿತ್ತು.

೧೯೭೨ರಲ್ಲಿ ಬೆಂಗಳೂರಿನ ಕೆಲವರು ಕೂಡಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವನ್ನು ಕಟ್ಟಿದರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಸದಸ್ಯರು ಅದನ್ನು ಕರೆಯುವುದು ‘ವಾಸಿ’ ಎಂದು. ಕಾವೇರಿಯ ಈ ಭಾಗಕ್ಕೆ ಅದರಿಂದ ಒಂದಿಷ್ಟು ವಾಸಿಯಾದದ್ದೂ ನಿಜವೇ. ಸಂಘವು ಹೊಳೆಯ ಒಂದು ಭಾಗದಲ್ಲಿ ಗಾಳ ಹಾಕುವ ಹಕ್ಕನ್ನು ಗುತ್ತಿಗೆಗೆ ಪಡೆದು, ಕಾವಲುಗಾರರನ್ನು ನೇಮಿಸಿ, ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡಬೇಕೆಂಬ ಕಟ್ಟಳೆಯನ್ನು ಬಳಕೆಗೆ ತಂದಿತು. ಕಾಕತಾಳೀಯವೆಂಬಂತೆ, ಅಮೆರಿಕದ ಅಲಬಾಮದಲ್ಲಿ ಬಾಸ್ ಮೀನಿನ ಗಾಳಗಾರರ ದೊಡ್ಡ ಸಂಘವನ್ನು ಕಟ್ಟಿದ್ದ ರೇ ಸ್ಕಾಟ್, ‘ಹಿಡಿದದ್ದನ್ನು ಕೊಲ್ಲಬೇಡಿ’ ಎಂಬ ಚಳವಳಿಯನ್ನು ತನ್ನ ಪಂದ್ಯಗಳಲ್ಲಿ ಆರಂಭಿಸಿದ್ದೂ ಅದೇ ೧೯೭೨ರಲ್ಲಿ. ಅದೇ ವರ್ಷ ದೆಹಲಿಯ ಸಂಸತ್ತಿನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅಂಗೀಕಾರವಾಯಿತು. ಆ ಕಾಯಿದೆಗೂ ಈ ಗಾಳಕ್ಕೂ ನಲವತ್ತು ವರ್ಷಗಳ ತರುವಾಯ ಗಂಟು ಬೀಳಲಿದೆಯೆಂದು ಅಂದು ಯಾರೂ ಎಣಿಸಿರಲಾರರು.

ಮುಂದೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರರ ಶಿಬಿರಗಳನ್ನು ನಡೆಸಿತು. ಗುಡಾರಗಳು, ಮರದಡಿಯ ಊಟದ ಚಪ್ಪರ, ಸೀಮೆಎಣ್ಣೆಯ ದೀಪ. ಮಳೆಗಾಲದ ಕೆಂಪುನೀರು ಇಳಿದು ಹೊಳೆ ತಿಳಿಯಾದ ಮೇಲೆ, ಚಳಿಗಾಲದಿಂದ ಬೇಸಗೆಯ ಮೊದಲ ಮಳೆಯವರೆಗೆ ಇಲ್ಲಿ ಸುಗ್ಗಿ. ಇಂಗ್ಲೆಂಡಿನ ವೈದ್ಯ, ಜರ್ಮನಿಯ ವ್ಯಾಪಾರಿ, ಬೆಂಗಳೂರಿನ ವಕೀಲ, ಕೊಡಗಿನ ಕಾಫಿ ತೋಟದ ಯಜಮಾನ, ಎಲ್ಲರೂ ಒಂದೇ ಬೆಂಕಿಯ ಸುತ್ತ ಕುಳಿತು ಒಂದೇ ಸುಳ್ಳನ್ನು, ಅಂದರೆ ತಪ್ಪಿಸಿಕೊಂಡ ಮೀನಿನ ಗಾತ್ರವನ್ನು, ನಾನಾ ಭಾಷೆಗಳಲ್ಲಿ ಹೇಳುವರು.

ಆದರೆ ಶಿಬಿರದ ನಿಜವಾದ ಒಡೆಯರು ಇವರಲ್ಲ. ಸುತ್ತಣ ಹಳ್ಳಿಗಳಿಂದ ಬಂದ ಮಾರ್ಗದರ್ಶಕರು. ಸ್ಕಾಟ್ಲೆಂಡಿನಲ್ಲಿ ಗಾಳಗಾರನ ಸಹಾಯಕನಿಗೆ ಇರುವ ‘ಗಿಲ್ಲಿ’ ಎಂಬ ಹೆಸರೇ ಇಲ್ಲಿಯೂ ಇವರಿಗೆ ಅಂಟಿಕೊಂಡಿತು. ನಮ್ಮ ಮಕ್ಕಳು ಗಿಲ್ಲಿದಾಂಡಿನಲ್ಲಿ ಬಾರಿಸುವ ಗಿಲ್ಲಿಗೂ ಇದಕ್ಕೂ ಸಂಬಂಧವಿಲ್ಲವಾದರೂ, ಬಂಡೆಯಿಂದ ಬಂಡೆಗೆ ಇವರು ಚಿಮ್ಮುವುದನ್ನು ಕಂಡವರಿಗೆ ಹೆಸರು ಅನ್ವರ್ಥವೆಂದೇ ತೋರುತ್ತಿತ್ತು. ಇವರಲ್ಲಿ ಕೆಲವರು ಹಿಂದೆ ಬಲೆ ಬೀಸಿ, ಸಿಡಿಮದ್ದು ಎಸೆದು ಮೀನು ಹಿಡಿದು ಬದುಕಿದವರೇ. ಮೀನು ಎಲ್ಲಿ ಅಡಗುವುದೆಂದು ಕಳ್ಳನಿಗಿಂತ ಚೆನ್ನಾಗಿ ಕಾವಲುಗಾರನಿಗೆ ತಿಳಿದಿರುವುದುಂಟೆ? ಸತ್ತ ಮೀನಿಗೆ ಸಂತೆಯಲ್ಲಿ ಒಂದೇ ಸಲ ಬೆಲೆ. ಬದುಕಿದ ಮೀನಿಗೆ ವರ್ಷ ವರ್ಷವೂ ಕೂಲಿ. ಈ ಲೆಕ್ಕ ಅವರಿಗೆ ಬೇಗನೆ ತಿಳಿಯಿತು.

ಗಿಲ್ಲಿಯ ದಿನವು ನಸುಕಿನಲ್ಲಿ ಮುದ್ದೆ ತೊಳಸುವುದರಿಂದ ಮೊದಲಾಗುವುದು. ಮುದ್ದೆಯೆಂದರೆ ರಾಗಿಯದೇ, ಆದರೆ ಮೀನಿಗೆ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಇಂಗನ್ನೋ ಮಸಾಲೆಯನ್ನೋ ಸೇರಿಸಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ಗಾಳವನ್ನು ಅದರೊಳಗೆ ಹುದುಗಿಸಬೇಕು. ಮೃದುವಾದರೆ ನೀರಿನಲ್ಲಿ ಕರಗುವುದು, ಗಟ್ಟಿಯಾದರೆ ಗಾಳ ನಾಟದು. ಯಾವ ಮಸಾಲೆ, ಎಷ್ಟು ಎಂಬುದನ್ನು ಒಬ್ಬ ಗಿಲ್ಲಿ ಇನ್ನೊಬ್ಬನಿಗೆ ಹೇಳಿಕೊಡುವುದಿಲ್ಲ. ಈ ಸೀಮೆಯ ಮನುಷ್ಯನಿಗೂ ಮೀನಿಗೂ ಮುದ್ದೆಯೇ ಪ್ರಿಯವಾದದ್ದು ನೆಲದ ಗುಣವಿರಬೇಕು. ಪರದೇಶದಿಂದ ಬೆಲೆಬಾಳುವ ಹೊಳೆಯುವ ತಗಡಿನ ಮೀನುಗಳನ್ನು ಪೆಟ್ಟಿಗೆಗಟ್ಟಲೆ ತಂದವರು ಎರಡನೆಯ ದಿನಕ್ಕೆ ರಾಗಿಗೆ ಶರಣಾಗುತ್ತಿದ್ದರು.

ಬಿಸಿಲೇರುವ ಮುನ್ನ ಹರಿಗೋಲಿನಲ್ಲಿ ಹೊಳೆ ದಾಟಿ ಒಂದು ಬಂಡೆ ಹಿಡಿಯಬೇಕು. ಉಂಡೆಯನ್ನು ಸೆಳವಿನ ಅಂಚಿಗೆ ಎಸೆದು, ದಾರವನ್ನು ಬೆರಳಿನ ಮೇಲೆ ಹಾಯಿಸಿಕೊಂಡು ಕುಳಿತರೆ, ಮುಂದೆ ಕಾಯುವುದೊಂದೇ ಕಾಯಕ. ಶಿವನಸಮುದ್ರದ ವಿದ್ಯುದಾಗಾರದಿಂದ ನೀರು ಬಿಟ್ಟಂತೆ ಹೊಳೆಯ ಮಟ್ಟ ಅಂಗುಲ ಅಂಗುಲವಾಗಿ ಏರಿಳಿಯುವುದನ್ನು ಗಿಲ್ಲಿ ಕಲ್ಲಿನ ಮೇಲಿನ ಒದ್ದೆಯ ಗೆರೆಯಿಂದಲೇ ತಿಳಿಯುತ್ತಾನೆ. ಸಣ್ಣ ಮೀನುಗಳು ಉಂಡೆಯನ್ನು ಚಿವುಟುವ ಟುಕುಟುಕು ಬೆರಳಿಗೆ ಬರುತ್ತದೆ. ಹೊಸಬನು ಕೋಲೆತ್ತುತ್ತಾನೆ. ‘ಸುಮ್ನಿರಿ ಸಾರ್, ಅದು ಚಿಲ್ರೆ’ ಎಂದು ಗಿಲ್ಲಿ ಬೀಡಿಯ ಹೊಗೆ ಬಿಡುತ್ತಾನೆ. ಆ ಟುಕುಟುಕು ಒಮ್ಮೆಲೇ ನಿಂತುಹೋದರೆ ಆಗ ಬೀಡಿ ಆರಿಸುತ್ತಾನೆ. ಚಿಲ್ಲರೆಯವರು ದಾರಿ ಬಿಟ್ಟರೆಂದರೆ ದೊಡ್ಡವರು ಬಂದರೆಂದೇ ಅರ್ಥ.

ಮಹಶೀರ್ ಕಚ್ಚಿದ್ದನ್ನು ವರ್ಣಿಸಿದವರೆಲ್ಲ ಉತ್ಪ್ರೇಕ್ಷೆ ಮಾಡಿದ್ದಾರೆ, ಆದರೂ ಸಾಲದು. ಕೋಲು ಕೈಯಿಂದ ಕಿತ್ತುಹೋಗುವಂತೆ ಬಾಗಿ, ರೀಲು ಕಿರುಚಿ, ನೂರು ಗಜದ ದಾರ ಕಣ್ಣೆದುರಿಗೇ ಕರಗುತ್ತದೆ. ಹೊಳೆಯ ಸೆಳವೂ ಮೀನಿನ ಪಕ್ಷವೇ. ಬಂಡೆಯ ಸಂದಿಗೆ ದಾರ ಸಿಕ್ಕಿತೋ, ಗಿಲ್ಲಿಯು ಮೊಸಳೆಯನ್ನೂ ಲೆಕ್ಕಿಸದೆ ನೀರಿಗೆ ಧುಮುಕಿ ಅದನ್ನು ಬಿಡಿಸಿ ಬರುತ್ತಾನೆ. ಇಲ್ಲವೇ ಗಾಳಗಾರನನ್ನು ಹರಿಗೋಲಿಗೆ ಹತ್ತಿಸಿಕೊಂಡು ಮೀನಿನ ಬೆನ್ನಟ್ಟುತ್ತಾನೆ. ಮುಕ್ಕಾಲು ಗಂಟೆಯ ಮೇಲೆ ಆಳವಿಲ್ಲದ ನೀರಿನಲ್ಲಿ ಆ ಚಿನ್ನದ ಮೈ ಮಗ್ಗುಲಾದಾಗ, ಐವತ್ತು ದಾಟಿದ ಗೃಹಸ್ಥನೂ ಕೈ ನಡುಗಿ ಕಲ್ಲಿನ ಮೇಲೆ ಕುಸಿದು ಕುಳಿತದ್ದುಂಟು.

ಅನಂತರದ್ದು ಮತ್ತೊಂದು ಕೆಲಸ, ಮತ್ತು ಗಿಲ್ಲಿಯು ಅದರಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಮೀನನ್ನು ನೀರಿನಲ್ಲಿಯೇ ಇರಿಸಿ ಗಾಳ ಬಿಡಿಸಿ, ಜೋಲಿಯಲ್ಲಿ ತೂಗಿ, ಒಂದೆರಡು ಚಿತ್ರ ತೆಗೆಯಿಸಿ, ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು ನಿಲ್ಲುತ್ತಾನೆ. ಕಿವಿರು ಒಂದೇ ಹದಕ್ಕೆ ಬರುವತನಕ, ಹತ್ತು ನಿಮಿಷವಾಗಲಿ ಅರ್ಧ ಗಂಟೆಯಾಗಲಿ, ಸೊಂಟದ ನೀರಿನಲ್ಲಿ ಹಸುಗೂಸನ್ನು ಹಿಡಿದವನಂತೆ ನಿಂತಿದ್ದು, ಅದು ತಾನಾಗಿ ಬಾಲ ಬಡಿದ ಮೇಲೆಯೇ ಕೈಬಿಡುವುದು.

ಸಂಜೆ ಶಿಬಿರಕ್ಕೆ ಮರಳಿದ ಮೇಲೆ ಲೆಕ್ಕದ ಪುಸ್ತಕ. ಎಷ್ಟು ಹೊತ್ತು ಕುಳಿತರು, ಎಷ್ಟು ಮೀನು ಸಿಕ್ಕಿತು, ತೂಕವೆಷ್ಟು, ಎಲ್ಲವನ್ನೂ ಬರೆದಿಡುವ ಪದ್ಧತಿ. ಬೆಂಕಿಯ ಸುತ್ತ ಏನೇ ಬೆಳೆದರೂ ಪುಸ್ತಕದಲ್ಲಿ ತಕ್ಕಡಿ ಹೇಳಿದ್ದೇ ಬೀಳಬೇಕು. ಹೆಮ್ಮೆಗಾಗಿ ಇಟ್ಟ ಈ ಲೆಕ್ಕವು ಮುಂದೆ ಬೇರೆಯೇ ಒಂದು ಕೆಲಸಕ್ಕೆ ಬಂದಿತು.

ಬ್ರಿಟನ್ನಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಆಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ಮತ್ಸ್ಯವಿಜ್ಞಾನಿಗಳು ಗಾಳಿಬೋರೆಯ ೧೯೯೮ರಿಂದ ೨೦೧೨ರವರೆಗಿನ ದಾಖಲೆಗಳನ್ನು ಕುಳಿತು ಲೆಕ್ಕ ಹಾಕಿದರು. ಗಾಳಗಾರರು ಕಾದ ಹೊತ್ತು ಒಟ್ಟು ೨೩,೬೨೦ ಗಂಟೆ. ಸಿಕ್ಕ ಮಹಶೀರುಗಳು ೬,೧೬೧. ಅರ್ಧ ಕಿಲೋಗೂ ಕಡಿಮೆಯ ಮರಿಯಿಂದ ಹಿಡಿದು ೪೬.೮ ಕಿಲೋವಿನ ಮಹಾಕಾಯದವರೆಗೆ. ಸರಾಸರಿ ಹಿಡಿದರೆ ಒಂದು ಮೀನಿಗೆ ನಾಲ್ಕು ಗಂಟೆಗೆ ತುಸು ಕಡಿಮೆ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನು ಹೆಚ್ಚುತ್ತ ಬಂದಿತ್ತು. ಕಾವಲು ಫಲಿಸಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದಾಗ ಎದೆ ಝಲ್ಲೆನ್ನುವ ಸಂಗತಿ ಹೊರಬಿತ್ತು. ಹೆಚ್ಚಿದ್ದು ಬೇರೊಂದು ಜಾತಿಯ ಮಹಶೀರ್: ರೆಕ್ಕೆಗಳಲ್ಲಿ ನೀಲಿಯ ಛಾಯೆಯಿರುವ, ಡುಬ್ಬವಿಲ್ಲದ, ಮೂಲತಃ ದಖ್ಖಣದ ಕಡೆಯ ನೀಲಿರೆಕ್ಕೆಯ ಮೀನು. ಲೋನಾವಳದಲ್ಲಿ ಟಾಟಾ ಸಂಸ್ಥೆಯವರು ಮಹಶೀರ್ ಅಳಿಯಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಮರಿ ಮಾಡಿಸುತ್ತಿದ್ದರು. ಅಲ್ಲಿಯ ಮರಿಗಳು ೧೯೭೦ರ ದಶಕದಿಂದೀಚೆಗೆ ಕರ್ನಾಟಕಕ್ಕೂ ಬಂದು ಕಾವೇರಿಯ ಪಾಲಾಗಿದ್ದವು. ಮಹಶೀರೆಂದರೆ ಎಲ್ಲ ಒಂದೇ ಎಂಬುದು ಅಂದಿನ ತಿಳಿವಳಿಕೆ. ಬಂದ ನೆಂಟರು ಮನೆಯನ್ನು ತುಂಬಿದರು; ಡುಬ್ಬದ ಚಿನ್ನದ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಯಿತು. ಸಿಕ್ಕ ಕೆಲವೂ ಭಾರಿ ಗಾತ್ರದವು. ಅದರಲ್ಲಿಯೇ ಇದ್ದದ್ದು ಕೇಡು: ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗಿ ಚಿತ್ರ ತೆಗೆಸಿಕೊಂಡವನಿಗೆ, ತಾನು ತೋಳಿನಲ್ಲಿ ಎತ್ತಿಹಿಡಿದದ್ದು ಮಕ್ಕಳಿಲ್ಲದ ಮನೆಯ ಕೊನೆಯ ಮುದುಕನನ್ನು ಎಂಬುದು ಹೊಳೆಯಲಿಲ್ಲ. ಮರಿಗಳು ಬೆಳೆದು ಬರುತ್ತಿರಲಿಲ್ಲ.

ಇನ್ನೂ ಸೋಜಿಗದ ವಿಷಯವೊಂದುಂಟು. ಲೋಕಪ್ರಸಿದ್ಧವಾದ ಈ ಮೀನಿಗೆ ವಿಜ್ಞಾನದಲ್ಲಿ ನೆಟ್ಟಗೆ ಒಂದು ಹೆಸರೇ ಇರಲಿಲ್ಲ. ಹೆಸರಿಲ್ಲದ ಪ್ರಾಣಿಯನ್ನು ಅಪಾಯದ ಪಟ್ಟಿಗೆ ಸೇರಿಸುವುದು ಹೇಗೆ? ಪಡಿತರ ಚೀಟಿಗೆ ಹೆಸರು ಬೇಕೆಂದು ಅಲೆಯುವ ಬಡವನ ಪಾಡೇ ಇದರದೂ. ಕಡೆಗೆ ೨೦೧೮ರಲ್ಲಿ, ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್ ಹೊಳೆಯಿಂದ ಹಿಂದೆಯೇ ವರ್ಣಿತವಾಗಿದ್ದ ಟಾರ್ ರೇಮಾದೇವಿಯೈ ಎಂಬ ಮೀನೂ ಇದೂ ಒಂದೇ ಎಂದು ಸಿದ್ಧವಾಯಿತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಮತ್ಸ್ಯತಜ್ಞೆ ಕೆ. ರೇಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಹೆಸರು ಸಿಕ್ಕ ವರ್ಷವೇ ಅದು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣದ ಹಿಂದೆಯೇ ಮೃತ್ಯುಂಜಯ ಜಪ.

ಅಷ್ಟರಲ್ಲಿ ಗಾಳಿಬೋರೆಯಲ್ಲಿ ಗಾಳವೇ ನಿಂತುಹೋಗಿತ್ತು. ಈ ಭಾಗವು ೧೯೮೭ರಿಂದ ಕಾವೇರಿ ವನ್ಯಜೀವಿಧಾಮ. ೧೯೭೨ರ ಕಾಯಿದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೇನು, ಹಿಡಿದದ್ದು ನಿಜವಷ್ಟೆ ಎಂಬ ಅರ್ಥವು ಮೇಲುಗೈಯಾಗಿ, ೨೦೧೦ರ ಸುಮಾರಿನಿಂದ ಶಿಬಿರಗಳಲ್ಲಿ ಗಾಳಕ್ಕೆ ತಡೆ ಬಿದ್ದು, ೨೦೧೨ರ ಹೊತ್ತಿಗೆ ಕೋಲುಗಳೆಲ್ಲ ಮೂಲೆ ಸೇರಿದವು.

ಈ ವಿಷಯದಲ್ಲಿ ಎರಡು ಪಕ್ಷಗಳು ಇಂದಿಗೂ ಉಂಟು, ಮತ್ತು ಎರಡರಲ್ಲಿಯೂ ತೂಕವಿದೆ. ಅಭಯಾರಣ್ಯದೊಳಗೆ ಹಳ್ಳಿಯವನು ಹೊಟ್ಟೆಪಾಡಿಗೆ ಬಲೆ ಬೀಸಿದರೆ ಅಪರಾಧ, ಹಣವಂತನು ವಿನೋದಕ್ಕೆ ಗಾಳ ಹಾಕಿದರೆ ಸಂರಕ್ಷಣೆ ಎಂದರೆ ಯಾವ ನ್ಯಾಯ ಎಂಬುದು ಒಂದು ಪ್ರಶ್ನೆ. ಮೀನಿಗೆ ನೋವಾಗುವುದಿಲ್ಲವೆ ಎಂಬ ಪ್ರಶ್ನೆಯೂ ಅದರ ಜೊತೆಗಿದೆ. ಗಾಳಗಾರರ ಉತ್ತರ ಬೇರೆ. ಹಗಲೆಲ್ಲ ಬಂಡೆಬಂಡೆಗೂ ಜನ ಕುಳಿತಿದ್ದುದರಿಂದಲೇ ಸಿಡಿಮದ್ದಿನವನು ಹತ್ತಿರ ಸುಳಿಯುತ್ತಿರಲಿಲ್ಲ. ಶಿಬಿರ ಎದ್ದ ಮೇಲೆ ರಾತ್ರಿ ಮಡುಗಳಲ್ಲಿ ಮತ್ತೆ ಸದ್ದು ಕೇಳತೊಡಗಿತು ಎಂಬುದು ಅವರ ದೂರು. ಹೊಳೆಗೆ ಬಂದ ಅಪಾಯ ಗಾಳವೂ ಅಲ್ಲ, ಸಿಡಿಮದ್ದೊಂದೇ ಅಲ್ಲ. ಕಟ್ಟೆಗಳು, ಮರಳು ತೆಗೆಯುವುದು, ಮೇಲಿನ ಊರುಗಳ ಕೊಳೆನೀರು ಎಲ್ಲವೂ ಅದರಲ್ಲಿ ಸೇರಿವೆ. ನೇತ್ರಾವತಿಯ ಸೀಮೆಯ ಶಿಶಿಲದಲ್ಲಿ ಗಾಳವೂ ಇರಲಿಲ್ಲ, ಬಲೆಯೂ ಇರಲಿಲ್ಲ, ದೇವರ ಕಾವಲಿತ್ತು. ಆದರೂ ೧೯೯೬ರಲ್ಲಿ ಯಾರೋ ಹೊಳೆಗೆ ವಿಷವಿಕ್ಕಿ ದೇವರ ಮೀನುಗಳನ್ನು ರಾಶಿರಾಶಿಯಾಗಿ ಕೊಂದರು.

ಗಾಳಗಾರರನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಅವರ ಕಾವಲಿನ ಕಾಲದಲ್ಲಿಯೇ, ಅವರ ಕಣ್ಣೆದುರಿಗೇ, ಒಂದು ಮೀನು ಹೋಗಿ ಇನ್ನೊಂದು ಬಂದಿತು. ನೀಲಿರೆಕ್ಕೆಯೂ ಚೆನ್ನಾಗಿ ಹೋರಾಡುತ್ತಿತ್ತು. ದಾರದ ತುದಿಯಲ್ಲಿ ಜಗ್ಗುವ ಮೀನು ಯಾರ ಮಗುವೆಂದು ಬಹುಮಂದಿ ಕೇಳಲಿಲ್ಲ. ಹಳೆಯ ಗಿಲ್ಲಿಗಳು ಮಾತ್ರ ಎರಡನ್ನೂ ಕಂಡೊಡನೆ ಬೇರೆಯೆಂದು ಬಲ್ಲವರು. ಅವರನ್ನು ಯಾವ ವರದಿಗೂ ಯಾರೂ ಸಾಕ್ಷಿ ಕರೆಯಲಿಲ್ಲ. ಆದರೂ ಪ್ರತಿ ಸಂಜೆ ಸುಳ್ಳಿಲ್ಲದೆ ಬರೆದಿಟ್ಟ ಆ ಪುಸ್ತಕವೊಂದು ಇರದೆ ಹೋಗಿದ್ದರೆ, ಚಿನ್ನದ ಮೀನು ಹೋದದ್ದು ಹೋಗಿಯೇ ಬಿಡುತ್ತಿತ್ತು; ಎಂದು, ಹೇಗೆ ಎಂಬುದನ್ನು ಹೇಳುವವರಿರುತ್ತಿರಲಿಲ್ಲ.

ಡುಬ್ಬದ ಮಹಶೀರ್ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ತಮಿಳುನಾಡಿನ ಮೋಯಾರ್ ಹೊಳೆಯ ಕಾಡಿನ ಮಡುಗಳಲ್ಲಿ ಅದರ ಸಂತತಿ ಉಳಿದಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಗಾಳಿಬೋರೆಯ ಶಿಬಿರ ಈಗ ಪ್ರಕೃತಿ ಶಿಬಿರವಾಗಿದೆ. ನಗರದಿಂದ ಸಂಸಾರಸಮೇತ ಬಂದವರನ್ನು ಹರಿಗೋಲಿನಲ್ಲಿ ಕೂರಿಸಿ ಹೊಳೆಯ ಮೇಲೆ ಸುತ್ತಾಡಿಸುತ್ತಾರೆ. ಮಕ್ಕಳು ಮೊಸಳೆ ಎಲ್ಲಿ ಎಂದು ಕೇಳುತ್ತವೆ. ನೀರುನಾಯಿ ಕಂಡರೆ ಕೈತಟ್ಟುತ್ತವೆ. ಮಡುವಿನ ಮೇಲೆ ಬಂದಾಗ ಅಂಬಿಗನು ಹುಟ್ಟನ್ನು ಒಂದು ಗಳಿಗೆ ಎತ್ತಿಹಿಡಿಯುತ್ತಾನೆ. ಹರಿಗೋಲು ತನ್ನಷ್ಟಕ್ಕೆ ತಾನೇ ಮೆಲ್ಲಗೆ ತಿರುಗುತ್ತದೆ. ಕೆಳಗೆ ನೀರು ಕಪ್ಪಗೆ, ಸದ್ದಿಲ್ಲದೆ ನಿಂತಿರುತ್ತದೆ. ಅದರೊಳಗೆ ಏನಿದೆಯೆಂದು ತೂಗಿ ಬರೆಯುವ ಕೆಲಸ ಅಲ್ಲಿ ೨೦೧೨ರಲ್ಲಿಯೇ ನಿಂತಿತು.